ಬೋರ್‌ವೆಲ್ ನೀರಿನ ಯುರೇನಿಯಂ ಲೆಕ್ಕಕ್ಕೆ ಫ್ರೀಕ್‌ಸಿ: ಹಲವು ವರ್ಷ ಬಳಸಿದ ಮೇಲೆ

ಫ್ರೀಕ್‌ಸಿ (PHREEQC) ಅಂದರೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಪುಕ್ಕಟೆ ಕೊಡುವ ಸಾಫ್ಟ್‌ವೇರ್. ನೀರಿನಲ್ಲಿ ಯಾವ ಲೋಹ ಯಾವ ರೂಪದಲ್ಲಿದೆ, ಎಷ್ಟು ಖನಿಜಕ್ಕೆ ಅಂಟುತ್ತದೆ ಎಂದು ಲೆಕ್ಕ ಹಾಕುತ್ತದೆ. ಕೋಲಾರ ಕಡೆಯ ಬೋರ್‌ವೆಲ್ ನೀರಿಗೆ ನಾನು ಇದನ್ನೇ ಬಳಸುವುದು. ಲೆಕ್ಕದ ಎಂಜಿನ್ ಗಟ್ಟಿ. ಜೊತೆಗೆ ಬರುವ ಡೇಟಾಬೇಸ್‌ಗಳನ್ನು (ರಾಸಾಯನಿಕ ಕ್ರಿಯೆಗಳ ಅಂಕಿಅಂಶದ ಫೈಲ್‌ಗಳು) ಮಾತ್ರ ಕಣ್ಣುಮುಚ್ಚಿ ನಂಬಬೇಡಿ.

ಕಾರ್ಬೊನೇಟ್ ವಿಷಯಕ್ಕೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಕಾರ್ಬೊನೇಟ್ ಕಡಿಮೆ ಇದ್ದರೆ ಯುರೇನಿಯಂ ಕಬ್ಬಿಣದ ಆಕ್ಸೈಡ್‌ಗೆ ಚೆನ್ನಾಗಿ ಅಂಟುತ್ತದೆ. ಜಾಸ್ತಿ ಇದ್ದರೆ ಅದರ ಜೊತೆ ಸೇರಿ ಋಣ ಚಾರ್ಜ್ ಪಡೆದು ನೀರಲ್ಲೇ ಉಳಿಯುತ್ತದೆ. ಪಿಎಚ್ 8 ದಾಟಿದರೆ ಆಕ್ಸೈಡ್‌ನ ಮೇಲ್ಮೈಯೂ ಋಣದ ಕಡೆ ಹೊರಳುತ್ತದೆ, ಇನ್ನೆಲ್ಲಿ ಅಂಟೀತು? ಸಾಲದ್ದಕ್ಕೆ ಕಾರ್ಬೊನೇಟೇ ಹೋಗಿ ಆ ಜಾಗದಲ್ಲಿ ಕೂರುತ್ತದೆ. ಕ್ಷಾರೀಯತೆ (ನೀರಿನ ಆಮ್ಲ ತಡೆಯುವ ಶಕ್ತಿ, ಇಲ್ಲಿ ಮುಖ್ಯವಾಗಿ ಕಾರ್ಬೊನೇಟ್, ಬೈಕಾರ್ಬೊನೇಟ್) ಒಂದನ್ನೇ ಏರಿಸುತ್ತಾ ಓಡಿಸಿ ನೋಡಿ, ಔಟ್‌ಪುಟ್‌ನಲ್ಲಿ ಕಾರ್ಬೊನೇಟ್‌ನ ಪ್ರಭಾವ ಎದ್ದು ಕಾಣುತ್ತದೆ.

ಈಗ ಕಿರಿಕಿರಿಗಳು. ಇದರದೇ ಹೆಸರಿನ ಮೂಲ ಡೇಟಾಬೇಸ್‌ನಲ್ಲಿ ಯುರೇನಿಯಂ ಇಲ್ಲವೇ ಇಲ್ಲ! ವಾಟೆಕ್4ಎಫ್ ಎಂಬ ಇನ್ನೊಂದು ಡೇಟಾಬೇಸ್ ಹಾಕಿಕೊಳ್ಳಬೇಕು. ಅದರಲ್ಲೂ ಕ್ಯಾಲ್ಸಿಯಂ-ಯುರೇನೈಲ್-ಕಾರ್ಬೊನೇಟ್ (ಕ್ಯಾಲ್ಸಿಯಂ, ಕಾರ್ಬೊನೇಟ್ ಜೊತೆ ಸೇರಿ ಯುರೇನಿಯಂ ನೀರಲ್ಲೇ ಕರಗಿ ಉಳಿಯುವ ರೂಪ) ಇದೆಯಾ ಎಂದು ಫೈಲ್ ತೆರೆದು ಹುಡುಕಿ. ಇಲ್ಲದಿದ್ದರೆ ಕೈಯಾರೆ ಸೇರಿಸಿ. ನಮ್ಮ ಗಡಸು ನೀರಿನಲ್ಲಿ ಇದನ್ನು ಬಿಟ್ಟರೆ, ಕಬ್ಬಿಣದ ಆಕ್ಸೈಡ್ ಫಿಲ್ಟರ್ ಯುರೇನಿಯಂ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯೊಳಗೆ ಸುಲಭವಾಗಿ ಇಳಿಸುತ್ತದೆ ಎಂಬ ಸುಳ್ಳು ಸಮಾಧಾನ ಸಿಗಬಹುದು.

ಕ್ಷಾರೀಯತೆ ಬರೆಯುವಾಗಲೂ ಹುಷಾರು. ಲ್ಯಾಬ್ ವರದಿಯಲ್ಲಿ ಬೈಕಾರ್ಬೊನೇಟ್ ಲೀಟರಿಗೆ 366 ಮಿಲಿಗ್ರಾಂ ಅಂತಿದೆ ಎನ್ನಿ. ಸುಮ್ನೆ 366 ಹಾಕಿದರೆ ಸಾಫ್ಟ್‌ವೇರ್ ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕ ಎಂದುಕೊಳ್ಳುತ್ತದೆ. ಲೀಟರಿಗೆ 6 ಮಿಲಿ ಈಕ್ವಿವಲೆಂಟ್ (ಚಾರ್ಜ್ ಲೆಕ್ಕದ ಅಳತೆ) ಇರಬೇಕಾದದ್ದು 7.3 ಆಗುತ್ತದೆ. ಸಂಖ್ಯೆಯ ಪಕ್ಕ ‘ಆ್ಯಸ್ ಎಚ್‌ಸಿಒ3’ (as HCO3, ಅಂದರೆ ಬೈಕಾರ್ಬೊನೇಟ್ ಲೆಕ್ಕದಲ್ಲಿ) ಎಂದು ಬರೆಯಲೇಬೇಕು.

ಪಿಎಚ್ ಅಂತೂ ಬೋರ್‌ವೆಲ್ ಹತ್ತಿರವೇ ಅಳೆಯಿರಿ. ಬಾಟಲಿಯಲ್ಲಿ ಲ್ಯಾಬ್‌ಗೆ ಹೋಗುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿರುತ್ತದೆ. ಅದನ್ನು ಹಾಕಿದರೆ ಅಂಟುವ ಲೆಕ್ಕವೇ ತಪ್ಪುತ್ತದೆ. ಇದು ಸಾಫ್ಟ್‌ವೇರ್ ದೋಷ ಅಲ್ಲ, ಆದರೆ ಬೈಗುಳ ತಿನ್ನುವುದು ಅದೇ ಅಲ್ವಾ.

ಬಟನ್ ಒತ್ತಿ ಉತ್ತರ ಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ, ಎಲ್ಲ ಟೈಪ್ ಮಾಡಿಯೇ ಕೊಡಬೇಕು. ಕೈಪಿಡಿಯ ಮೊದಲ ಉದಾಹರಣೆಯಲ್ಲೇ ಯುರೇನಿಯಂ ಸೇರಿಸುವ ರೀತಿ ಇದೆ, ಅಲ್ಲಿಂದ ಶುರುಮಾಡಿ. 5ಕ್ಕೆ 4 ಕೊಡುತ್ತೇನೆ. ಕಡಿತ ಡೇಟಾಬೇಸ್‌ಗೆ.