ಮನೆಯ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡುವವರಿಗೆ ಅವಿಡೆಮಕ್ಸ್: ಸಿಂಕ್ ತಪ್ಪಿದ ಧ್ವನಿಯನ್ನು ಎಷ್ಟರ ಮಟ್ಟಿಗೆ ಸರಿಪಡಿಸುತ್ತದೆ?

ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸುವಾಗ ಎದುರಾಗುವ ತೊಂದರೆಗಳಲ್ಲಿ ಬಣ್ಣ ಮಾಸಿರುವುದಾಗಲಿ, ಚಿತ್ರದಲ್ಲಿ ಗೆರೆ ಬೀಳುವುದಾಗಲಿ ಅಷ್ಟು ದೊಡ್ಡದಲ್ಲ. ಮಾಸಿದ ಚಿತ್ರವನ್ನು ಮನೆಯವರು ಪ್ರೀತಿಯಿಂದಲೇ ನೋಡುತ್ತಾರೆ. ಆದರೆ ತೀರಿಹೋದ ಅಜ್ಜಿಯ ಮಾತು ಆಕೆಯ ತುಟಿ ನಿಂತ ಮೇಲೆ ಕೇಳಿಬಂದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಈ ದೋಷವನ್ನು ಸರಿಪಡಿಸಲು ನಾನು ಬಹುಕಾಲದಿಂದ ಬಳಸುತ್ತಿರುವ ಅವಿಡೆಮಕ್ಸ್ ಎಂಬ ತಂತ್ರಾಂಶದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಮುಕ್ತ ತಂತ್ರಾಂಶ, ಉಚಿತವಾಗಿ ಸಿಗುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದು ಬಗೆಯ ದೋಷಕ್ಕೆ ಇದಕ್ಕಿಂತ ಸುಲಭವಾದ ಸಾಧನವನ್ನು ನಾನು ಕಂಡಿಲ್ಲ, ಇನ್ನೊಂದು ಬಗೆಯ ದೋಷಕ್ಕೆ ಇದೊಂದೇ ಸಾಲದು.

ಆದ್ದರಿಂದ ಮೊದಲು ದೋಷ ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಧ್ವನಿಯು ಆರಂಭದಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಹಿಂದೆ ಅಥವಾ ಮುಂದೆ ಇದ್ದರೆ ಅದು ಸ್ಥಿರವಾದ ಅಂತರ. ಆರಂಭದಲ್ಲಿ ಸರಿಯಾಗಿದ್ದು, ಹೋಗುತ್ತಾ ಹೋಗುತ್ತಾ ಅಂತರ ಬೆಳೆದರೆ ಅದು ಜಾರಿಕೆ. ಇವೆರಡನ್ನು ಬೇರ್ಪಡಿಸದೆ ಸಿಕ್ಕ ಆಯ್ಕೆಗಳನ್ನೆಲ್ಲ ಒತ್ತುತ್ತಾ ಹೋದರೆ ಚಿತ್ರದ ನಡುಭಾಗ ಸರಿಹೋಗಿ ಎರಡು ತುದಿಗಳೂ ಕೆಡುತ್ತವೆ.

ಪರೀಕ್ಷೆಗೆ ನಮ್ಮ ಮದುವೆಯ ಚಿತ್ರಗಳಲ್ಲಿ ಗಟ್ಟಿಮೇಳದಷ್ಟು ಒಳ್ಳೆಯ ಗುರುತು ಬೇರೆ ಇಲ್ಲ. ಡೋಲಿನ ಮೇಲೆ ಕೋಲು ಬೀಳುವುದು ಕಣ್ಣಿಗೆ ಕಾಣುತ್ತದೆ, ಪೆಟ್ಟಿನ ಸದ್ದು ಚೂಪಾಗಿ ಕೇಳುತ್ತದೆ. ಯಕ್ಷಗಾನದ ಮುದ್ರಿಕೆಯಾದರೆ ಚೆಂಡೆಯ ಪೆಟ್ಟು ಇದೇ ಕೆಲಸಕ್ಕೆ ಬರುತ್ತದೆ. ಇಂಥ ಗುರುತೊಂದನ್ನು ಆರಂಭದ ಹತ್ತಿರವೂ ಇನ್ನೊಂದನ್ನು ಕೊನೆಯ ಹತ್ತಿರವೂ ಆರಿಸಿಕೊಂಡು, ಕಡತವನ್ನು ವಿಎಲ್‌ಸಿ ಪ್ಲೇಯರಿನಲ್ಲಿ ನಡೆಸಿ, ಕೀಲಿಮಣೆಯ ಜೆ ಮತ್ತು ಕೆ ಕೀಲಿಗಳಿಂದ ಧ್ವನಿಯನ್ನು 50 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಸರಿಸುತ್ತಾ ಹೋದರೆ ಎರಡೂ ಕಡೆ ಎಷ್ಟು ಅಂತರವಿದೆಯೆಂಬುದು ಗೊತ್ತಾಗುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಬಂದರೆ ಅರ್ಧ ಕೆಲಸ ಮುಗಿದಂತೆಯೇ.

ಅವಿಡೆಮಕ್ಸ್ ನಿಜಕ್ಕೂ ಮೆಚ್ಚುಗೆಯಾಗುವುದು ಇಲ್ಲಿ. ಧ್ವನಿಯ ವಿಭಾಗದಲ್ಲಿರುವ ಶಿಫ್ಟ್ ಎಂಬ ಚೌಕದಲ್ಲಿ ಗುರುತು ಹಾಕಿ, ಮಿಲಿಸೆಕೆಂಡುಗಳ ಸಂಖ್ಯೆಯನ್ನು ಕೊಟ್ಟು, ಚಿತ್ರ ಮತ್ತು ಧ್ವನಿ ಎರಡನ್ನೂ ಕಾಪಿ ಎಂದೇ ಬಿಟ್ಟು ಉಳಿಸಿದರೆ ಸಾಕು. ಚಿತ್ರವನ್ನು ಮತ್ತೆ ಎನ್ಕೋಡ್ ಮಾಡುವುದಿಲ್ಲವಾದ್ದರಿಂದ, ಅಂದರೆ ಹೊಸದಾಗಿ ಕುಗ್ಗಿಸಿ ಬರೆಯುವುದಿಲ್ಲವಾದ್ದರಿಂದ, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಗಂಟೆಗಟ್ಟಲೆ ಕಾಯುವುದೂ ಇಲ್ಲ. ಮೊದಲೇ ಮಸುಕಾಗಿರುವ ಕ್ಯಾಸೆಟ್ಟಿನ ಚಿತ್ರಕ್ಕೆ ಇದು ಸಣ್ಣ ಲಾಭವಲ್ಲ. ಕಾಪಿ ವಿಧಾನದಲ್ಲಿ ಚಿತ್ರವನ್ನು ಕತ್ತರಿಸಬೇಕಾದರೆ ಮಾತ್ರ ಐ ಫ್ರೇಮಿನಿಂದಲೇ (ಬೇರೆ ಫ್ರೇಮುಗಳ ನೆರವಿಲ್ಲದೆ ತಾನೇ ಪೂರ್ತಿ ಚಿತ್ರವಾಗಿರುವ ಫ್ರೇಮು) ತುಣುಕು ಆರಂಭವಾಗುವಂತೆ ನೋಡಿಕೊಳ್ಳಬೇಕು. ಯಾವ ಫ್ರೇಮು ಯಾವ ಬಗೆಯದೆಂಬುದನ್ನು ತಂತ್ರಾಂಶ ಕೆಳಗಡೆ ತೋರಿಸುತ್ತಲೇ ಇರುತ್ತದೆ.

ಎಷ್ಟು ನಿಖರತೆ ಬೇಕು ಎಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ 1359 ಶಿಫಾರಸಿನಲ್ಲಿ ಉತ್ತರವಿದೆ. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನೋಡುಗರಿಗೆ ತಿಳಿಯುತ್ತದೆ, ಹಿಂದಾದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ತಿಳಿಯುವುದಿಲ್ಲ. ದೂರದ ಸದ್ದು ಕಣ್ಣಿಗೆ ಕಂಡದ್ದಕ್ಕಿಂತ ತಡವಾಗಿ ತಲುಪುವುದಕ್ಕೆ ನಮ್ಮ ಕಿವಿ ಒಗ್ಗಿಹೋಗಿದೆ, ಮೊದಲೇ ಕೇಳುವುದಕ್ಕೆ ಒಗ್ಗಿಲ್ಲ. ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳಿದ್ದು ಒಂದು ಫ್ರೇಮಿಗೆ 40 ಮಿಲಿಸೆಕೆಂಡು ಬೀಳುವುದರಿಂದ, ಧ್ವನಿ ಒಂದು ಫ್ರೇಮಿಗಿಂತ ಹೆಚ್ಚು ಮುಂದೆ ಹೋಗದಂತೆ ನೋಡಿಕೊಳ್ಳುವುದು ಮುಖ್ಯ. ಸಂದೇಹವಿದ್ದಾಗ ನಾನು ಧ್ವನಿಯನ್ನು ತುಸು ಹಿಂದಕ್ಕೇ ಬಿಡುತ್ತೇನೆ.

ಇನ್ನು ಜಾರಿಕೆಯ ವಿಷಯ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನದಿಂದಲೂ ಧ್ವನಿಯನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದಲೂ ಬೇರೆ ಬೇರೆಯಾಗಿ ತೆಗೆದುಕೊಂಡಾಗ ಎರಡಕ್ಕೂ ಎರಡು ಗಡಿಯಾರಗಳಾಗುತ್ತವೆ, ಮತ್ತು ಆ ಗಡಿಯಾರಗಳು ಎಂದಿಗೂ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಒಂದೇ ಸಾಧನ ಎರಡನ್ನೂ ಹಿಡಿದುಕೊಂಡರೆ ಈ ತೊಂದರೆ ಬಹಳ ಕಡಿಮೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಕಾರಣ ಬೇರೆ: ಅವುಗಳಲ್ಲಿ ಫ್ರೇಮುಗಳ ವೇಗ ಬದಲಾಗುತ್ತಿರುತ್ತದೆ, ಡಿವಿಡಿಗೆ ಸ್ಥಿರವಾದ ವೇಗ ಬೇಕು. ಅಂಥ ಕಡತಗಳನ್ನು ಮೊದಲು ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ನೆಂಟರು ಕಳಿಸಿದ ಚಿತ್ರ ಗಂಟೆಗೆ ಸರಿಯಾಗಿ 3.6 ಸೆಕೆಂಡು ಜಾರುತ್ತಿದ್ದರೆ, ಎಲ್ಲೋ 29.97 ಫ್ರೇಮಿನ ಚಿತ್ರವನ್ನು 30 ಎಂದು ಎಣಿಸಲಾಗಿದೆ ಎಂದು ಅನುಮಾನಿಸಬಹುದು.

ಜಾರಿಕೆಯ ಮುಂದೆ ಅವಿಡೆಮಕ್ಸ್ ಒಂಟಿಯಾಗಿ ನಿಲ್ಲಲಾರದು. ಫಿಲ್ಮಿನಿಂದ ಪಾಲ್‌ಗೆ ಬದಲಿಸುವಂಥ ಸಿದ್ಧ ಆಯ್ಕೆ ಧ್ವನಿಯ ಫಿಲ್ಟರುಗಳಲ್ಲಿದೆ, ಆದರೆ ನಮ್ಮ ಕ್ಯಾಸೆಟ್ಟಿಗೆ ಬೇಕಾದದ್ದು ಅಂಥ ದೊಡ್ಡ ಬದಲಾವಣೆಯಲ್ಲ. ನಾನು ಮಾಡುವುದು ಹೀಗೆ: ಧ್ವನಿಯನ್ನು ಇಲ್ಲಿಂದಲೇ ಬೇರೆ ಕಡತವಾಗಿ ಉಳಿಸಿ, ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತೆರೆದು, ವೇಗವನ್ನು ತಿದ್ದಿ, ಮರಳಿ ಅವಿಡೆಮಕ್ಸಿಗೆ ಹೊರಗಿನ ಧ್ವನಿಯಾಗಿ ಜೋಡಿಸುತ್ತೇನೆ. ಚಿತ್ರದಲ್ಲಿ ಮೊದಲ ಪೆಟ್ಟಿಗೂ ಕೊನೆಯ ಪೆಟ್ಟಿಗೂ ನಡುವೆ 3600 ಸೆಕೆಂಡಿದ್ದು ಧ್ವನಿಯಲ್ಲಿ 3601.8 ಸೆಕೆಂಡಿದ್ದರೆ, ವೇಗವನ್ನು ನೂರಕ್ಕೆ 0.05ರಷ್ಟು ಹೆಚ್ಚಿಸಬೇಕು. ಶ್ರುತಿಯನ್ನು ಹಾಗೆಯೇ ಇಟ್ಟು ಉದ್ದವನ್ನಷ್ಟೇ ಬದಲಿಸುವ ಟೆಂಪೋ ಆಯ್ಕೆಯನ್ನು ಹಲವರು ಸೂಚಿಸುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ಗಡಿಯಾರದ ವ್ಯತ್ಯಾಸದಿಂದಾಗಿ ಶ್ರುತಿಯೂ ಅಷ್ಟೇ ಪ್ರಮಾಣದಲ್ಲಿ ಕೆಟ್ಟಿರುತ್ತದೆ, ಆದ್ದರಿಂದ ಸ್ಪೀಡ್ ಆಯ್ಕೆಯಲ್ಲಿ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಟೆಂಪೋ ಬದಲಿಸುವಾಗ ನಾಗಸ್ವರದಂಥ ಎಳೆದ ಸ್ವರಗಳಲ್ಲಿ ಸೇರಿಕೊಳ್ಳಬಹುದಾದ ನಡುಕವೂ ಇರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ದೋಷ ಮೆಟ್ಟಿಲು ಮೆಟ್ಟಿಲಾಗಿ ಬರುವಂಥದ್ದು. ಟೇಪು ಸುಕ್ಕಾದ ಕಡೆ, ಅಥವಾ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆ, ಕ್ಯಾಪ್ಚರ್ ಸಾಧನ ಕೆಲವು ಫ್ರೇಮುಗಳನ್ನು ಕೈಬಿಡುತ್ತದೆ, ಧ್ವನಿ ಮಾತ್ರ ಮುಂದುವರಿಯುತ್ತದೆ. ಇದಕ್ಕೆ ವೇಗದ ತಿದ್ದುಪಡಿ ನಡೆಯುವುದಿಲ್ಲ. ಅಂತರ ಹಾರಿದ ಜಾಗಗಳನ್ನು ಗುರುತಿಸಿ, ಚಿತ್ರವನ್ನು ಅಲ್ಲಿ ತುಂಡು ಮಾಡಿ, ಪ್ರತಿ ತುಂಡಿಗೂ ಅದರದೇ ಶಿಫ್ಟ್ ಕೊಟ್ಟು ಉಳಿಸಿ, ಅಪೆಂಡ್ ಆಯ್ಕೆಯಿಂದ ಮತ್ತೆ ಸೇರಿಸಬೇಕು. ಅವಿಡೆಮಕ್ಸ್ ಇದಕ್ಕೆ ಅನುವು ಮಾಡಿಕೊಡುತ್ತದೆಯಾದರೂ ಕೆಲಸ ಬೇಸರದ್ದು. ಹಾರಿಕೆಗಳು ಬಹಳವಿದ್ದರೆ ಟೈಮ್ ಬೇಸ್ ಕರೆಕ್ಟರ್ (ಟೇಪಿನ ಸಂಕೇತದ ಸಮಯದ ಏರುಪೇರನ್ನು ಸರಿಪಡಿಸುವ ಭಾಗ) ಇರುವ ವಿಸಿಆರಿನಿಂದ ಹೊಸದಾಗಿ ಕ್ಯಾಪ್ಚರ್ ಮಾಡುವುದೇ ಮೇಲು.

ಡಿವಿಡಿಗೆ ಕಳಿಸುವ ಮುನ್ನ ಧ್ವನಿಯ ಮಾದರಿ ದರ 48 ಕಿಲೋಹರ್ಟ್ಸ್ ಇದೆಯೇ ಎಂದು ನೋಡಬೇಕು. ಸಿಡಿಯ 44.1 ಕಿಲೋಹರ್ಟ್ಸ್ ದರದಲ್ಲಿ ಹಿಡಿದಿದ್ದರೆ ಅವಿಡೆಮಕ್ಸಿನ ರೀಸ್ಯಾಂಪಲ್ ಫಿಲ್ಟರಿನಿಂದ ಬದಲಿಸಿಕೊಳ್ಳಬಹುದು. ಎಂಪೆಗ್-2 ಚಿತ್ರವನ್ನು ಎಸಿ-3 ಅಥವಾ ಎಂಪಿ2 ಧ್ವನಿಯೊಂದಿಗೆ ಎಂಪೆಗ್-ಪಿಎಸ್ ಕಡತವಾಗಿ ಉಳಿಸಿದರೆ, ಮೆನು ಮಾಡಲು ಡಿವಿಡಿಸ್ಟೈಲರ್ ಎಂಬ ತಂತ್ರಾಂಶ ಸಾಕು. ಆ ತಂತ್ರಾಂಶದಲ್ಲೂ ಚಿತ್ರದ ಸ್ವರೂಪವನ್ನು ಕಾಪಿ ಎಂದು ಇಡುವುದನ್ನು ಮರೆಯಬಾರದು, ಇಲ್ಲವಾದರೆ ಇಷ್ಟು ಜತನದಿಂದ ಉಳಿಸಿಕೊಂಡ ಚಿತ್ರ ಇನ್ನೊಮ್ಮೆ ಎನ್ಕೋಡ್ ಆಗುತ್ತದೆ.

ಡಿಸ್ಕನ್ನು ಬರೆಯುವ ಮೊದಲು ಡಿವಿಡಿಯ ಕಡತಗಳಿರುವ ವಿಡಿಯೋ ಟಿಎಸ್ ಫೋಲ್ಡರನ್ನು ವಿಎಲ್‌ಸಿಯಲ್ಲಿ ತೆರೆದು ಅದೇ ಎರಡು ಪೆಟ್ಟುಗಳನ್ನು ಮತ್ತೆ ನೋಡಬೇಕು. ಅಲ್ಲಿ ಸರಿಯಾಗಿದ್ದು ಟಿವಿಯಲ್ಲಿ ಮಾತ್ರ ತಪ್ಪುತ್ತಿದ್ದರೆ, ಅಂಗಡಿಯಿಂದ ತಂದ ಬೇರೊಂದು ಡಿವಿಡಿಯನ್ನು ಹಾಕಿ ಹೋಲಿಸುವುದು ಒಳ್ಳೆಯದು. ಆ ಡಿವಿಡಿಯಲ್ಲೂ ಧ್ವನಿ ಮುಂದಿದ್ದರೆ ಟಿವಿಯೇ ಚಿತ್ರವನ್ನು ತಡಮಾಡುತ್ತಿದೆ ಎಂದಾಯಿತು. ಆಗ ಆಂಪ್ಲಿಫೈಯರಿನ ಡಿಲೇ ಹೊಂದಿಸಿದರೆ ಸರಿಹೋಗುತ್ತದೆ, ಕಡತವನ್ನು ಮುಟ್ಟಬೇಕಾಗಿಲ್ಲ.