ನಿಂತಲ್ಲೇ ಒಣಗಿದ ಮರ ಒಣ ಸೌದೆಯಲ್ಲ: ನಮ್ಮ ಚಿಮಣಿಗೆ ಬೆಂಕಿ ಬಿದ್ದ ಕಥೆ

ಸೌದೆ ಒಲೆಯಿಂದ ಮನೆ ಬೆಚ್ಚಗಿಡುವವರು, ಅದರಲ್ಲೂ ತಾವೇ ಕಡಿದು ಸೀಳಿ ಚಳಿಗಾಲಕ್ಕೆ ಕೂಡಿಡುವವರು ಇದನ್ನು ಓದಿ. "ಇದು ನಿಂತಲ್ಲೇ ಒಣಗಿದ ಮರ, ಇವತ್ತು ಕಡಿದು ನಾಳೆ ಉರಿಸಬಹುದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟೇ ಅನುಭವಸ್ಥರಾಗಿರಲಿ, ನಂಬಬೇಡಿ. ಆ ಒಂದು ಮಾತಿನಿಂದ ನಮ್ಮ ಚಿಮಣಿಯೊಳಗೆ ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಿಮಣಿಯ ಒಳಗಿದ್ದ ಸುಟ್ಟಮಣ್ಣಿನ ಕೊಳವೆ ಸೀಳಿಹೋಯಿತು, ಚಳಿಗಾಲ ಮುಗಿಯುವವರೆಗೂ ಕರೆಂಟಿನ ಹೀಟರ್ ಮುಂದೆ ಮುದುಡಿ ಕೂತೆವು.

ಹಿತ್ತಿಲಿನ ದೊಡ್ಡ ಮರವೊಂದು ಚಿಗುರುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಅಲ್ಲಲ್ಲಿ ತೊಗಟೆ ಕಳಚಿತ್ತು, ಗಾಳಿಗೆ ಸಣ್ಣ ಕೊಂಬೆಗಳು ಉದುರುತ್ತಿದ್ದವು. ಉರುಳಿಸಲು ಮರ ಕಡಿಯುವವರೊಬ್ಬರನ್ನು ಕರೆಸಿದೆವು. ಉರುಳಿಸುವ ಕೆಲಸದಲ್ಲಿ ಆತನನ್ನು ದೂರುವ ಹಾಗಿಲ್ಲ. ಗರಗಸ ಹಚ್ಚುವ ಮೊದಲು ಬಹಳ ಹೊತ್ತು ತಲೆಯೆತ್ತಿ ಮೇಲಿನ ಕೊಂಬೆಗಳನ್ನೇ ನೋಡಿದ, ನಮ್ಮನ್ನೆಲ್ಲ ಮರದ ಎತ್ತರದ ಎರಡರಷ್ಟು ದೂರಕ್ಕೆ ಓಡಿಸಿದ. ಸತ್ತ ಮರದಲ್ಲಿ ಅಪಾಯ ಇರುವುದು ಅಲ್ಲೇ. ಬುಡಕ್ಕೆ ಚೈನ್ ಸಾ ತಾಗಿದ ಅದುರಿಗೆ ತುದಿಯ ಒಣ ಕೊಂಬೆ ಮುರಿದು ನೇರ ತಲೆಯ ಮೇಲೆ ಬೀಳುತ್ತದೆ. ಕಾಂಡದ ಒಳಗೆ ಎಷ್ಟು ಕೊಳೆತಿದೆ ಎಂಬುದು ಹೊರಗೆ ಕಾಣದ ಕಾರಣ ಮರ ಯಾವ ಕಡೆ ವಾಲುತ್ತದೆಂದು ಹೇಳುವುದೂ ಕಷ್ಟ. ತುಂಡು ಮಾಡುವುದು, ಸೀಳುವುದು ನೀವೇ ಮಾಡಿಕೊಳ್ಳಿ. ಸತ್ತ ಮರ ಉರುಳಿಸುವುದನ್ನು ಬಲ್ಲವರಿಗೆ ಬಿಡಿ.

ಕೆಟ್ಟದ್ದು ಅದಾದ ಮೇಲಿನ ಉಪದೇಶ. "ಸಾರ್, ಎಲೆ ಉದುರಿ ವರ್ಷಗಳೇ ಆಗಿವೆ. ಇನ್ನೆಲ್ಲಿ ನೀರಿರತ್ತೆ ಇದರಲ್ಲಿ? ತುಂಡು ಮಾಡಿ ಗೋಡೆಗೆ ಒತ್ತಿ ಒಟ್ಟಿ, ಸುತ್ತ ಟಾರ್ಪಾಲು ಬಿಗಿದುಬಿಡಿ. ಮಳೆಹನಿ ಒಂದು ಬೀಳಬಾರದು ಅಷ್ಟೇ." ತುಂಡಿನ ತುದಿಯಲ್ಲಿದ್ದ ಬಿರುಕುಗಳನ್ನೂ ತೋರಿಸಿದ. ಎರಡು ತುಂಡು ಎತ್ತಿ ಬಡಿದು ಟಣ್ ಎನ್ನುವುದನ್ನು ಕೇಳಿಸಿದ. ಬಡಿದದ್ದು ಕೊಂಬೆಯ ತುಂಡುಗಳನ್ನು ಎಂಬುದು ಆಮೇಲೆ ಹೊಳೆಯಿತು.

ಕೊಂಬೆಗಳ ಮಟ್ಟಿಗೆ ಆತ ಹೇಳಿದ್ದು ಸರಿಯೇ. ಮಣಿಕಟ್ಟಿನಷ್ಟು ದಪ್ಪದವು ಮರದ ಮೇಲೆಯೇ ಒಣಗಿರುತ್ತವೆ. ಕಾಂಡದ ಲೆಕ್ಕ ಬೇರೆ. ಮರದೊಳಗೆ ನೀರು ಓಡಾಡುವುದು ಎಳೆಯ ಉದ್ದಕ್ಕೆ. ಅಡ್ಡಕ್ಕೆ ಹೊರಬರುವುದಕ್ಕಿಂತ ಕತ್ತರಿಸಿದ ತುದಿಯಿಂದ ಅದು ಹತ್ತು ಹದಿನೈದು ಪಟ್ಟು ಬೇಗ ಹೊರಬೀಳುತ್ತದೆ. ನಿಂತ ಕಾಂಡಕ್ಕೆ ಕತ್ತರಿಸಿದ ತುದಿಯೇ ಇಲ್ಲ. ಸುತ್ತ ತೊಗಟೆಯ ಕವಚ, ಮುರಿದ ಕೊಂಬೆಗಳ ಬುಡದಲ್ಲಿ ಮಳೆನೀರು ಇಳಿಯಲು ದಾರಿ, ಕೆಳಗೆ ಹಸಿ ಮಣ್ಣು. ಹಾಗಾಗಿ ಸತ್ತು ವರ್ಷಗಳಾದರೂ ಬುಡದ ದಿಮ್ಮಿ ಹಸಿಯಾಗಿಯೇ ಇರಬಲ್ಲದು. ತುದಿಯ ಬಿರುಕು ಹೇಳುವುದು ತುದಿ ಒಣಗಿದೆ ಎಂದಷ್ಟೇ. ಒಳಗಿನ ಚೇಗಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಇನ್ನು ಟಾರ್ಪಾಲು. ಸೌದೆಯನ್ನು ಮಳೆಯಿಂದ ಕಾಪಾಡಬೇಕು ಎನ್ನುವುದು ಅರ್ಧ ಸತ್ಯ. ಮೇಲೆ ಬಿದ್ದ ಮಳೆ ತೊಗಟೆ ನೆನೆಸಿ, ಒಂದೆರಡು ದಿನದ ಗಾಳಿಗೆ ಆರಿಹೋಗುತ್ತದೆ. ತೊಂದರೆ ಕೊಡುವುದು ಮರದೊಳಗಿನ ನೀರು. ಸುತ್ತಲೂ ಪ್ಲಾಸ್ಟಿಕ್ ಬಿಗಿದರೆ ಹಗಲಿನ ಬಿಸಿಲಿಗೆ ಆ ನೀರು ಆವಿಯಾಗಿ ಮೇಲೇಳುತ್ತದೆ, ರಾತ್ರಿ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಹೊದಿಕೆ ಸರಿಸಿದಾಗ ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಒಳಸಾಲಿನ ತುಂಡುಗಳ ಮೇಲೆ ಬಿಳಿ ಬೂಷ್ಟು, ಗೋಡೆಗೆ ತಾಗಿದ್ದ ಕಡೆ ಗೆದ್ದಲಿನ ಮಣ್ಣಿನ ದಾರಿ. ಸೌದೆ ಹೋದರೆ ಹೋಗಲಿ, ಗೆದ್ದಲಿಗೆ ಮನೆಯೊಳಗೆ ಕರೆದೊಯ್ಯುವ ಸೇತುವೆಯನ್ನು ನಾವೇ ಕಟ್ಟಿಕೊಟ್ಟಂತಾಗಿತ್ತು.

ಚಳಿ ಶುರುವಾಗಿ ಒಲೆ ಹಚ್ಚಿದ ಮೇಲೆ ಲಕ್ಷಣಗಳೆಲ್ಲ ಕಣ್ಣೆದುರೇ ಇದ್ದವು. ಒಲೆಯ ಗಾಜಿನ ಬಾಗಿಲು ಒಂದೇ ಸಂಜೆಗೆ ಕಪ್ಪಾಗುತ್ತಿತ್ತು. ಸೌದೆಯ ತುದಿಯಲ್ಲಿ ಕಂದು ನೊರೆ ಉಕ್ಕಿ ಸುಂಯ್ ಎನ್ನುತ್ತಿತ್ತು. "ಇದು ಹಸಿ ಸೌದೆ ಕಣೋ, ಸದ್ದು ಕೇಳು" ಎಂದು ಅಮ್ಮ ಮೊದಲ ವಾರದಲ್ಲೇ ಹೇಳಿದರು. ಮರ ಕಡಿದವನಿಗೆ ಫೋನ್ ಮಾಡಿ ಕೇಳಿದರೆ, ಒಲೆಯೇ ಸರಿಯಿಲ್ಲ, ಗಾಳಿ ಸಾಲುತ್ತಿಲ್ಲ ಎಂಬ ಉತ್ತರ ಬಂತು. ರಾತ್ರಿ ಕೆಂಡ ಉಳಿಯಲೆಂದು ಗಾಳಿಕಿಂಡಿ ಮುಚ್ಚಿ ಮಲಗುವುದು ಅನೇಕರ ರೂಢಿ. ಹಸಿ ಸೌದೆಯೊಂದಿಗೆ ಅದು ಸೇರಿದರೆ ಉರಿಯಿಲ್ಲದೆ ಬೆಳಗಿನತನಕ ಬರೀ ಹೊಗೆಯಾಡುತ್ತದೆ.

ಹಸಿ ಸೌದೆಯ ನಷ್ಟ ನೀರನ್ನು ಆವಿ ಮಾಡುವುದರಲ್ಲಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ನೀರು ಆವಿಯಾಗಲು ಬೇಕಾಗುವುದು ಸುಮಾರು 2.3 ಮೆಗಾಜೌಲ್ ಶಾಖ. ಒಂದು ಕಿಲೋ ಪೂರ್ತಿ ಒಣಗಿದ ಮರದಲ್ಲಿ ಇರುವುದು ಸುಮಾರು 18 ಮೆಗಾಜೌಲ್. ಹತ್ತು ಕಿಲೋ ಸೌದೆಯಲ್ಲಿ ನಾಲ್ಕು ಕಿಲೋ ನೀರಿದ್ದರೂ ಆವಿಗೆ ಹೋಗುವುದು ಹತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ. ಬಿಸಿಯಾದ ಮರದಿಂದ ಹೊರಡುವ ಅನಿಲಗಳು ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರು ಉರಿಯನ್ನು ತಣ್ಣಗಾಗಿಸಿದರೆ ಆ ಬಿಸಿ ಹುಟ್ಟುವುದೇ ಇಲ್ಲ, ಅನಿಲಗಳು ಉರಿಯದೆ ಹೊಗೆಯಾಗಿ ಮೇಲೇರುತ್ತವೆ. ಮನೆಗೆ ಬರಬೇಕಾದ ಶಾಖವೇ ಹಾಗೆ ಹೊಗೆಯಾಗಿ ಹೋಗುತ್ತದೆ. ಚಿಮಣಿಯ ಒಳಮೈ ಸುಮಾರು 120 ಡಿಗ್ರಿಗಿಂತ ತಣ್ಣಗಿದ್ದರೆ ಅದೇ ಹೊಗೆ ಅಲ್ಲಿ ಕ್ರಿಯೋಸೋಟ್ ಎಂಬ, ಬೆಂಕಿ ಹತ್ತಬಲ್ಲ ಮಸಿಯಾಗಿ ಅಂಟುತ್ತದೆ. ಮೊದಲು ಪುಡಿಮಸಿ, ಆಮೇಲೆ ಚಕ್ಕೆಚಕ್ಕೆ, ಕೊನೆಗೆ ಹೊಳೆಯುವ ಡಾಂಬರು. ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ಇಳಿಸಬಹುದು, ಡಾಂಬರಿಗೆ ಬ್ರಷ್ ನಾಟುವುದಿಲ್ಲ. ಪದರ 3 ಮಿಲಿಮೀಟರ್ ದಪ್ಪವಾಯಿತೆಂದರೆ ಒಲೆ ಹಚ್ಚುವ ಮೊದಲು ಸ್ವಚ್ಛ ಮಾಡಿಸಲೇಬೇಕು.

ಬೆಂಕಿ ಬಿದ್ದದ್ದು ಹಸಿ ಸೌದೆ ಹಾಕಿದ ದಿನವಲ್ಲ. ಆವತ್ತು ಚಳಿ ಜೋರಾಗಿತ್ತು, ಅಟ್ಟದಲ್ಲಿ ಬಹುಕಾಲದಿಂದ ಬಿದ್ದಿದ್ದ ಒಣ ರೀಪುಗಳನ್ನು ತಂದು ಹಾಕಿದೆವು. ಆ ಚಳಿಗಾಲದಲ್ಲಿ ಮೊದಲ ಬಾರಿಗೆ ಒಲೆ ಭರ್ಜರಿಯಾಗಿ ಉರಿಯಿತು. ಹಸಿ ಸೌದೆ ವಾರಗಟ್ಟಲೆ ಕೂಡಿಟ್ಟ ಡಾಂಬರಿಗೆ ಆ ಒಳ್ಳೆಯ ಉರಿ ತಾಗಿತು. ಮೊದಲು ಕೊಳವೆಯಲ್ಲಿ ಚಟಪಟ ಸದ್ದು. ಬರುಬರುತ್ತ ಅದು ಲಾರಿ ಏರು ಹತ್ತುವಂಥ ಮೊರೆತವಾಯಿತು, ಗೋಡೆಯೇ ಅದುರತೊಡಗಿತು. ಹೊರಗೆ ಓಡಿ ನೋಡಿದರೆ ಚಿಮಣಿಯ ಬಾಯಿಂದ ಕಿಡಿಗಳು ಚಿಮ್ಮುತ್ತಿದ್ದವು. ಇಂಥ ಬೆಂಕಿ 1000 ಡಿಗ್ರಿ ದಾಟುವುದುಂಟು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಚಿಮಣಿಗೆ ಬೆಂಕಿ ಹತ್ತಿದರೆ ಒಲೆಯ ಬಾಗಿಲು, ಗಾಳಿಕಿಂಡಿ ಎಲ್ಲ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತಂದು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಸದ್ದು ನಿಂತಿತು ಎಂದು ಫೋನ್ ಮಾಡದೆ ಬಿಡಬೇಡಿ. ಸಹಾಯಕ್ಕೆ ಓಡಿಬಂದ ಒಬ್ಬರು ಬಕೆಟ್ ಹಿಡಿದು ಮಾಡು ಹತ್ತಲು ಹೊರಟಿದ್ದರು, ಅವರನ್ನು ತಡೆಯುವುದೇ ಒಂದು ಕೆಲಸವಾಯಿತು. ಕೆಂಪಗೆ ಕಾದ ಕೊಳವೆಗೆ ನೀರು ಸುರಿದರೆ ಅದು ಒಡೆಯುತ್ತದೆ, ಎದ್ದ ಆವಿ ಸುರಿದವನನ್ನೇ ಸುಡುತ್ತದೆ. ದಳದವರು ಬಂದು ಚಿಮಣಿಗಿಂತ ಹೆಚ್ಚು ಹೊತ್ತು ಅಟ್ಟದಲ್ಲೇ ಇದ್ದರು. ಕೊಳವೆಯ ಪಕ್ಕದ ಮರದ ತೊಲೆಗಳು ಒಳಗೊಳಗೇ ಕಾದು, ಗಂಟೆಗಳ ಮೇಲೆ ಹೊತ್ತಿಕೊಳ್ಳಬಹುದಂತೆ. ಹಾಗಾಗಿಯೇ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಚಿಮಣಿ ಶುಚಿ ಮಾಡುವವನೊಬ್ಬ ಬಂದು, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, ಬ್ರಷ್ ಆಡಿಸಿ, "ಎಲ್ಲಾ ಸುಟ್ಟು ಕ್ಲೀನ್ ಆಗಿದೆ, ಹಚ್ಚಿ ಏನೂ ಆಗಲ್ಲ" ಎಂದು ದುಡ್ಡು ಎಣಿಸಿಕೊಂಡು ಹೋದ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಅವರ ಒತ್ತಾಯಕ್ಕೆ ಕ್ಯಾಮೆರಾ ಇಳಿಸಿ ನೋಡುವ ಇನ್ನೊಬ್ಬರನ್ನು ಕರೆಸಿದೆವು. ಪರದೆಯ ಮೇಲೆ ಕಂಡದ್ದು ಬೆರಳು ತೂರುವಷ್ಟು ಅಗಲದ ಸೀಳು, ಅದೂ ಮಲಗುವ ಕೋಣೆಯ ಗೋಡೆಯ ಹಿಂದೆ. ಮೊದಲನೆಯವನ ಮಾತು ಕೇಳಿ ಒಲೆ ಹಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ಆ ಕೋಣೆಗೆ ಸೋರಬಹುದಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಬೆಂಕಿ ಕಂಡ ಚಿಮಣಿಯನ್ನು ಕ್ಯಾಮೆರಾದಿಂದ ಪರೀಕ್ಷಿಸದೆ ಮತ್ತೆ ಬಳಸಬೇಡಿ. ಸೌದೆ ಒಲೆ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲವೆಂದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ತನ್ನಿ.

ಹಾಗಾದರೆ ಯಾರ ಮಾತನ್ನೂ ನಂಬದೆ ತಿಳಿಯುವುದು ಹೇಗೆ? ಎರಡು ಮುಳ್ಳಿನ ತೇವಾಂಶ ಮೀಟರ್ ಸಾಕು, ದುಬಾರಿಯದ್ದೇನೂ ಬೇಡ. ಆದರೆ ಹೊರಮೈಗೆ ಚುಚ್ಚಿದರೆ ಅದೂ ಸುಳ್ಳು ಹೇಳುತ್ತದೆ. ದಪ್ಪನೆಯ ತುಂಡನ್ನೇ ಆರಿಸಿ, ಆಗಷ್ಟೇ ಸೀಳಿ, ಒಳಮೈಯ ನಡುವೆ ಎಳೆಯ ಉದ್ದಕ್ಕೆ ಮುಳ್ಳು ಒತ್ತಿ. ಕೊರೆಯುವ ಚಳಿಯಲ್ಲಿ ಹೊರಗಿದ್ದ ತುಂಡಾದರೆ ಒಳಗೆ ತಂದು ಬೆಚ್ಚಗಾದ ಮೇಲೆ ನೋಡಿ, ತಣ್ಣನೆಯ ಮರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂಕಿ ಶೇ. 20ಕ್ಕಿಂತ ಕೆಳಗಿದ್ದರೆ ಒಲೆಗೆ ಹಾಕಬಹುದು. 30ರ ಮೇಲೆ ಮೀಟರಿನ ಅಂಕಿ ನಂಬಿಕೆಗೆ ಅರ್ಹವಲ್ಲ, "ಬಹಳ ಹಸಿ" ಎಂದಷ್ಟೇ ಓದಿಕೊಳ್ಳಿ. ಮೀಟರ್ ಇಲ್ಲದವರು ತುಂಡಿನ ನಡುವಿನಿಂದ ಒಂದು ಬಿಲ್ಲೆ ಕೊಯ್ದು ತೂಗಿ, 105 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಬಹುದು. 600 ಗ್ರಾಂ ಇದ್ದದ್ದು 450ಕ್ಕೆ ನಿಂತರೆ ಹೋದ ನೀರು 150 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ಶೇ. 33, ಹಸಿ ತೂಕದಿಂದ ಭಾಗಿಸಿದರೆ ಶೇ. 25. ಸೌದೆ ಮಾರುವವರು ಅಂಕಿ ಹೇಳಿದಾಗ ಯಾವ ಲೆಕ್ಕದ್ದು ಎಂದು ಕೇಳಿ. ಮರದ ಮೀಟರುಗಳು ಸಾಮಾನ್ಯವಾಗಿ ತೋರಿಸುವುದು ಒಣ ತೂಕದ ಲೆಕ್ಕ.

ಒಟ್ಟುವ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಮೊದಲು ಸೀಳಿ, ಆಮೇಲೆ ಒಟ್ಟಿ. ಸೀಳದ ಗುಂಡು ತುಂಡು ತೊಗಟೆಯೊಳಗೆ ನೀರು ಹಿಡಿದುಕೊಂಡೇ ಕೂರುತ್ತದೆ. ನೆಲದಿಂದ ಒಂದು ಗೇಣು ಎತ್ತರ, ಗೋಡೆಯಿಂದ ದೂರ, ಗಾಳಿ ಬೀಸುವ ಕಡೆಗೆ ಮುಖಮಾಡಿ ಒಂಟಿ ಸಾಲು. ಹೊದಿಕೆ ನೆತ್ತಿಗೆ ಮಾತ್ರ, ಪಕ್ಕಗಳು ತೆರೆದಿರಲಿ. ಮೆದು ಮರಕ್ಕೆ ಒಂದು ಬೇಸಿಗೆ ಸಾಕಾಗಬಹುದು, ಓಕ್‌ನಂಥ ಗಟ್ಟಿ ಮರಕ್ಕೆ ಎರಡು ವರ್ಷವೂ ಬೇಕಾಗುತ್ತದೆ. ಒಲೆಯ ಪಕ್ಕಕ್ಕೇ ಸೌದೆ ಒಟ್ಟಿ ಫೋಟೋ ಹಾಕುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ. ಚೆಂದ ಕಾಣುತ್ತದೆ ನಿಜ, ಒಂದು ಕಿಡಿ ಹಾರಿದರೆ ಗೊತ್ತಾಗುತ್ತದೆ.

ಚಿಮಣಿಯೊಳಗೆ ಈಗ ಸ್ಟೀಲಿನ ಕೊಳವೆ ಇಳಿಸಿದ್ದೇವೆ. ಆ ಮರದ ಉಳಿದ ತುಂಡುಗಳನ್ನು ಇನ್ನೂ ಸಣ್ಣಗೆ ಸೀಳಿ, ಬೂಷ್ಟು ತಿಂದವನ್ನು ಬೇರೆ ಮಾಡಿ, ಗಾಳಿಗೆ ಒಡ್ಡಿ ಹೊಸದಾಗಿ ಒಟ್ಟಿದ್ದಾಯಿತು. ಮೊನ್ನೆ ಬುಡದ ತುಂಡೊಂದನ್ನು ಸೀಳಿ ಮೀಟರ್ ಚುಚ್ಚಿದರೆ 24 ತೋರಿಸಿತು. ಈ ಚಳಿಗಾಲಕ್ಕೂ ಅದು ಬೇಡ.