ಕ್ಯಾಸ್ಪೇಸ್-3: ಯಾವ ಆಂಟಿಬಾಡಿ ತರಿಸಲಿ?

ಧಾರವಾಡದಿಂದ ಪುಣೆಗೆ ಪಿಎಚ್‌ಡಿ ಮಾಡಲು ಬಂದ ಹುಡುಗಿ ಪಾಷಾಣ್‌ನ ಚಹಾ ಅಂಗಡಿಯಲ್ಲಿ ಕೇಳಿದಳು: "ಅಣ್ಣಾ, ದುಡ್ಡು ಒಂದಕ್ಕೇ ಇದೆ. ಟೋಟಲ್ ತಗೊಳ್ಳಲಾ, ಕ್ಲೀವ್ಡ್ ತಗೊಳ್ಳಲಾ?" ಕ್ಯಾಸ್ಪೇಸ್-3 ಅಂದರೆ ಕೋಶ ತಾನಾಗಿ ಸಾಯುವಾಗ ತುಂಡಾಗಿ ಕೆಲಸಕ್ಕಿಳಿಯುವ ಪ್ರೋಟೀನ್. ಅದನ್ನು ಗುರುತಿಸಿ ಹಿಡಿಯುವ ಆಂಟಿಬಾಡಿಗಳಲ್ಲಿ ಟೋಟಲ್ ಅನ್ನುವುದು ಇಡೀ ಪ್ರೋಟೀನನ್ನೂ ಹಿಡಿಯುತ್ತದೆ, ಕ್ಲೀವ್ಡ್ ಅನ್ನುವುದು ತುಂಡಾದದ್ದನ್ನು ಮಾತ್ರ.

ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಪೊರೆಗೆ ಇಳಿಸಿ ನೋಡುವ ವಿಧಾನ) ಅಷ್ಟೇ ಆದರೆ ಟೋಟಲ್ ಸಾಕು. 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಇಡೀ ಪ್ರೋಟೀನಿನ ಗೆರೆ, ಕೆಳಗೆ 17–19ರಲ್ಲಿ ತುಂಡಿನ ಗೆರೆ. ಎರಡನ್ನೂ ಹಿಡಿಯುವಂಥದ್ದೇ ಅಂತ ಡೇಟಾಶೀಟ್ ನೋಡಿಕೋ. ತುಂಡು ಚಿಕ್ಕದು, 0.2 ಮೈಕ್ರಾನ್ ರಂಧ್ರದ ಪೊರೆಯೇ ಬಳಸು.

ಮೈಕ್ರೋಸ್ಕೋಪ್ ಅಥವಾ ಫ್ಲೋ ಸೈಟೋಮೆಟ್ರಿಗೆ (ಕೋಶಗಳನ್ನು ಒಂದೊಂದಾಗಿ ಹರಿಸಿ ಅಳೆಯುವ ವಿಧಾನ) ಕ್ಲೀವ್ಡ್ ಬೇಕೇ ಬೇಕು. ಟೋಟಲ್ ಹಾಕಿದರೆ ಚೆನ್ನಾಗಿ ಬದುಕಿರುವ ಕೋಶವೂ ಹೊಳೆಯುತ್ತದೆ. ಸಾಯುತ್ತಿರುವುದು ಯಾವುದು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ನಾನಾದರೆ ಕ್ಲೀವ್ಡೇ ತರಿಸುತ್ತೇನೆ.

ಎಮ್‌ಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗಾದರೆ ಎರಡೂ ಸುಮ್ನೆ ಖರ್ಚು. ಅವುಗಳಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ.